ಜೋಳದ ಕಾಳಿನಷ್ಟು ತಡ

ನನಗೆ ಸಿಟ್ಟು ಬೇಗ ಬರುತ್ತದೆ. ಉಗಾರ ಬುದ್ರುಕದಲ್ಲಿ ಯಾರನ್ನು ಕೇಳಿದರೂ ಇದನ್ನು ನಗುತ್ತಲೇ ಹೇಳುತ್ತಾರೆ. ತವರುಮನೆ ಬೇರೆ ಅದೇ ಊರಿನಲ್ಲಿ, ಎರಡು ಓಣಿ ಆಚೆ, ಹಾಗಾಗಿ ನನ್ನ ಸಿಟ್ಟಿಗೆ ದೂರ ನಡೆಯುವ ತಾಪತ್ರಯವೂ ಇಲ್ಲ. ಹೋದ ವರ್ಷ ಒಂದು ಮಧ್ಯಾಹ್ನ ಅಪ್ಪನ ಜೀಪನ್ನು ನನ್ನ ತಮ್ಮ ಗುಜರಿಗೆ ಹಾಕುತ್ತಾನಂತೆ ಎಂದು ಗೊತ್ತಾದದ್ದೇ ತಡ, ರೊಟ್ಟಿ ಹಿಟ್ಟಿನ ಕೈಯಲ್ಲೇ ಹೋಗಿ ಅವನ ಅಂಗಳದಲ್ಲಿ ನಿಂತೆ.

"ಶೆಡ್ ಖಾಲಿ ಬೇಕಕ್ಕಾ. ದ್ರಾಕ್ಷಿಗೆ ಔಷಧ ಹೊಡಿಯೂ ಮಷೀನ ಎಲ್ಲಿ ನಿಲ್ಲಸಲಿ?"

"ನನ್ನ ತಲಿ ಮ್ಯಾಲ ನಿಲ್ಲಸು! ಓಡೂ ಗಾಡಿ ಗುಜರಿಗೆ ಹಾಕ್ತಾರೇನ ಲೇ?"

"ಓಡತೈತಿ, ಖರೆ. ಏರಿಗೆ ಹಚ್ಚಿದ್ರ ಟಣಾಟಣಾ ಬಡಕೋತೈತಿ. ಇಂಜಿನ್ ಮುಗದೈತಿ ಅಂದ್ರ ಮುಗದೈತಿ."

ಅವನು ಹೇಳಿದ್ದು ಸುಳ್ಳಲ್ಲ. ಅಪ್ಪ ತೀರಿಕೊಂಡು ಮೂರು ವರ್ಷವಾಗಿತ್ತು. ಆ ಪೆಟ್ರೋಲ್ ಜೀಪನ್ನು ಅವರು ಇದ್ದಷ್ಟು ದಿನ ಮಗುವಿನ ಹಾಗೆ ನೋಡಿಕೊಂಡಿದ್ದರು. ಅವರು ಹೋದ ಮೇಲೆ ಯಾರೋ ಬಿಚ್ಚಿದರು, ಯಾರೋ ಜೋಡಿಸಿದರು. ಆಮೇಲೆ ಭಾರ ಬಿದ್ದಾಗಲೆಲ್ಲ ಒಳಗಿನಿಂದ ಕಬ್ಬಿಣಕ್ಕೆ ಕಬ್ಬಿಣ ಬಡಿದಂಥ ಸದ್ದು ಶುರುವಾಯಿತು. ತಮ್ಮ ಆ ಸದ್ದು ಕೇಳಿದರೆ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದ. ಇವನಿಗೆ ಅಪ್ಪನ ಸಾಮಾನಿನ ಮೇಲೆ ಒಂಚೂರೂ ಅಂತಃಕರಣ ಇಲ್ಲ ಅಂತ ನಾನು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ.

ಆಗ ನಮ್ಮ ಮೂವರಲ್ಲಿ ಕಿರಿಯಳಾದ ತಂಗಿ ಏಳು ತಿಂಗಳ ಬಸುರಿ. ಕುಬಸಕ್ಕೆ, ಅಂದರೆ ಸೀಮಂತಕ್ಕೆ, ತವರಿನಿಂದ ಬುತ್ತಿ ಒಯ್ಯಬೇಕಿತ್ತು. ಅವಳ ಗಂಡನ ಮನೆ ನಿಪ್ಪಾಣಿ ದಾಟಿ ತವಂದಿ ಘಾಟ್ ಏರಿದ ಮೇಲೆ ಸಿಗುವ ಊರಿನಲ್ಲಿ. ನನ್ನ ಬಾಯಿ ನನ್ನ ಮಾತು ಕೇಳಿದ್ದು ಯಾವಾಗ?

"ಬುತ್ತಿ ಈ ಜೀಪಿನ್ಯಾಗ ಹೋಗತೈತಿ. ನಾನ ಓಡಸ್ತೇನಿ. ಘಾಟಿನ್ಯಾಗ ಆ ಸಪ್ಪಳ ಬಂದ್ರ ಅಲ್ಲಿಂದನ ಗುಜರಿಯವಗ ಫೋನ್ ಹಚ್ಚು. ಬರಲಿಲ್ಲಂದ್ರ ಮತ್ತ ಜನ್ಮದಾಗ ಶೆಡ್ಡಿನ ಮಾತ ಎತ್ತಬ್ಯಾಡ."

"ಆತು. ನಾ ಬೈಕ್ ಮ್ಯಾಲ ಹಿಂದ ಬರ್ತೇನಿ. ಕಿವಿ ಕೊಟ್ಟ ಕೇಳ್ತೇನಿ," ಎಂದ ತಮ್ಮ.

ಮಾತೇನೋ ಕೊಟ್ಟು ಬಂದೆ. ಮರುದಿನವೇ ಜೀಪು ತೆಗೆದುಕೊಂಡು ಕಾಗವಾಡದ ಮಿಸ್ತ್ರಿಯ ಹತ್ತಿರ ಓಡಿದೆ. ಬಿಳಿ ಗಡ್ಡದ ಆ ಹಿರಿಯ ಬಾನೆಟ್ ಎತ್ತಿ, ಇಂಜಿನ್ ಚಾಲೂ ಮಾಡಿಸಿ, ಕಣ್ಣು ಮುಚ್ಚಿಕೊಂಡು ನಿಂತ.

"ಇಂಜಿನ್ ಛಲೋ ಐತ್ರಿ ಅಕ್ಕಾರ. ಟೈಮಿಂಗ್ ತಪ್ಪೈತಿ. ಜೋಕಾಲಿ ತೂಗೀರೇನು? ಅದು ಇನ್ನೂ ನಿಮ್ಮ ಕಡೆ ಬರಾಕತ್ತಿದಾಗನ ಎದುರಿಗೆ ಹೋಗಿ ನೂಕಿದ್ರ ಏನಾಗತೈತಿ?"

"ಕೈ ಮುರೀತೈತಿ."

"ಹಾಂ! ಪಿಸ್ಟನ್ ಮ್ಯಾಲ ಬಂದ ಮುಟ್ಟೂದ್ರಾಗ ಕಿಡಿ ಹಾರಬೇಕ್ರಿ, ಆದ್ರ ಭಾಳ ಮದಲ ಹಾರಬಾರದು. ಮದಲ ಹಾರಿದ್ರ ಬೆಂಕಿ ಬಂದು ಏರೂ ಪಿಸ್ಟನ್ನಿನ ತಲಿಗೆ ಬಡೀತೈತಿ, ಉಳದ ಪೆಟ್ರೋಲ್ ತನ್ನಷ್ಟಕ್ಕ ತಾನ ಸಿಡೀತೈತಿ. ಅದ ನಿಮ್ಮ ಟಣಾಟಣಾ."

ಕಿಡಿ ಹಂಚುವ ಡಬ್ಬಿಯನ್ನು ತೋರಿಸಿದ. ಅದರ ಬುಡದ ನಟ್ಟನ್ನು ಪಾನಾದಿಂದ ಸಡಿಲು ಮಾಡಿ, ಡಬ್ಬಿಯನ್ನು ಒಂದು ಕಡೆ ತಿರುವಿದರೆ ಕಿಡಿ ಬೇಗ, ಇನ್ನೊಂದು ಕಡೆ ತಿರುವಿದರೆ ತಡ. ಎಷ್ಟು ತಿರುವಬೇಕು ಎಂದೆ. "ಜ್ವಾಳದ ಕಾಳಿನಷ್ಟರಿ, ಅದಕ್ಕಿಂತ ಹೆಚ್ಚ ಬ್ಯಾಡ. ಭಾಳ ತಡ ಮಾಡಿದ್ರ ಶಕ್ತಿ ಹೋಗತೈತಿ, ಇಂಜಿನ್ ಕಾಯತೈತಿ," ಎಂದ. ನಾನು ಶಾಲೆಯ ಹುಡುಗಿಯ ಹಾಗೆ ತಲೆಯಾಡಿಸಿದೆ. ಆ ತಲೆಯಾಡಿಸುವ ಗಡಿಬಿಡಿಯಲ್ಲಿ ಯಾವ ಕಡೆ ಬೇಗ, ಯಾವ ಕಡೆ ತಡ ಅನ್ನುವುದು ತಲೆಯೊಳಗೆ ಇಳಿಯಲೇ ಇಲ್ಲ.

"ಎಷ್ಟ ಮಂದಿ ಹೊಂಟೀರಿ?" ಎಂದು ಕೇಳಿದ. ಐದು ಮುತ್ತೈದೆಯರು, ಬುತ್ತಿಯ ಬುಟ್ಟಿಗಳು ಎಂದೆ. ಆ ಲೆಕ್ಕಕ್ಕೆ ಸರಿಯಾಗಿ ಹಿಂದೆ ಗೊಬ್ಬರದ ಚೀಲ ಹೇರಿಸಿ, ತಾನೇ ಡಬ್ಬಿ ತಿರುವಿ ನಟ್ಟು ಬಿಗಿದ. ಕಾಗವಾಡದ ಸುತ್ತ ಏರೆಂಬುದೇ ಇಲ್ಲ. ಹಾಗಾಗಿ ಇಂಜಿನ್ನಿಗೆ ಭಾರ ಬೀಳಲೆಂದು ನನ್ನಿಂದ ಟಾಪ್ ಗೇರಿನಲ್ಲಿ ನಿಧಾನ ಓಡಿಸಿ, ಒಮ್ಮೆಲೇ ಎಕ್ಸಿಲೇಟರ್ ಒತ್ತಿಸಿ, ಕಿವಿ ಕೊಟ್ಟು ಕೂತ. ಎರಡು ಸಲ ಟಿಣ್ ಟಿಣ್ ಅಂದು ಸುಮ್ಮನಾಯಿತು. ಅಷ್ಟಿದ್ದರೆ ಬರೋಬ್ಬರಿ ಎಂದ. ನಾನು ದಾರಿಯುದ್ದಕ್ಕೂ ಹಾಡಿಕೊಂಡು ಮನೆಗೆ ಬಂದೆ.

ಆದರೆ ಮಿಸ್ತ್ರಿಯ ಲೆಕ್ಕಕ್ಕೆ ನಮ್ಮ ಮನೆಯ ಹೆಂಗಸರು ಸಿಗುವವರಲ್ಲ. ಹೊರಡುವ ದಿನ ಬೆಳಿಗ್ಗೆ ಐವರ ಜೊತೆ ಸಣ್ಣತ್ತಿಯರಿಬ್ಬರು ಬಂದರು. ಏಳಾಯಿತು, ಪರವಾಗಿಲ್ಲ. ಅಷ್ಟರಲ್ಲಿ ಎದುರುಮನೆಯ ವೈನಿ ಜರಿ ಸೀರೆ ಉಟ್ಟು, "ನನ್ನ ಕರೀಲಿಲ್ಲಲ್ಲ!" ಎಂದು ಬಾಗಿಲಿಗೆ ಬಂದರು. ಬುತ್ತಿಗೆ ಬಂದವರನ್ನು ಬೇಡ ಅನ್ನುವುದುಂಟೇ? ಎಂಟಾಯಿತು. ಜೀಪಿನ ಒಳಗೆ ಯಜಮಾನಿಕೆ ಹಿಡಿದು ಕೂತಿದ್ದ ದೊಡ್ಡತ್ತಿ, ಅಂದರೆ ಅಪ್ಪನ ಅಕ್ಕ, ಬೆರಳು ಮಡಚಿ ಎಣಿಸಿ ಹೌಹಾರಿದರು.

"ಎಂಟ ಮಂದಿ ಬುತ್ತಿ ಒಯ್ಯಬಾರದವಾ! ಬೆಸ ಆಗಬೇಕು!"

"ಹಂಗಾದ್ರ ನನ್ನ ಹಿಡದ ಒಂಬತ್ತ ಆತಲ್ಲ ಅತ್ತಿ?"

"ಓಡಸಾಕಿನ್ನ ಎಣಸೂದಿಲ್ಲ."

ಒಬ್ಬರನ್ನು ಇಳಿಸೋಣವೆಂದರೆ ನಮ್ಮ ಮನೆಯ ಶಾಸ್ತ್ರದಲ್ಲಿ ಬುತ್ತಿಯ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತವರು ಬಸುರಿಯ ಮನೆಯ ಹೊಸ್ತಿಲು ಮುಟ್ಟುವ ತನಕ ಇಳಿಯಬಾರದು. ಉಳಿದದ್ದು ಒಂದೇ ದಾರಿ, ಇನ್ನೊಬ್ಬರನ್ನು ಹತ್ತಿಸುವುದು. ಹಿಂದಿನ ಓಣಿಯ ದೊಡ್ಡಮ್ಮನನ್ನು ಕೂಗಿ ಕರೆತಂದರು. ದೊಡ್ಡಮ್ಮ ಹತ್ತಿದ ಕೂಡಲೇ ಜೀಪು ಹಿಂದಕ್ಕೆ ಕುಂತುಬಿಟ್ಟಿತು. ತಮ್ಮ ಹೆಲ್ಮೆಟ್ ಏರಿಸಿ, ಬೈಕಿನ ಮೇಲೆ ಕೂತು ಹಲ್ಲು ಕಿರಿಯುತ್ತಿದ್ದ. ನಾನು ಅವನ ಕಡೆ ನೋಡದೆ ಗಾಡಿ ಬಿಟ್ಟೆ.

ಅಯ್ಯೋ, ಆ ಪಯಣ! ರಾಯಬಾಗ ಬರುವುದರೊಳಗೆ ಎರಡು ಸೋಬಾನೆ ಪದ ಮುಗಿದಿದ್ದವು. ಚಿಕ್ಕೋಡಿಯಲ್ಲಿ ಯಾರೋ ಕರ್ಚಿಕಾಯಿ ಬುಟ್ಟಿಗೆ ಕೈ ಹಾಕಿ ದೊಡ್ಡತ್ತಿಯಿಂದ ಏಟು ತಿಂದರು. ಸಣ್ಣ ಏರುಗಳಲ್ಲಿ ಟಿಣ್ ಎಂದಾಗಲೆಲ್ಲ ನಾನು ಜೋರಾಗಿ ಹಾಡಿಗೆ ದನಿ ಕೂಡಿಸಿದೆ, ತಮ್ಮನಿಗೆ ಕೇಳದಿರಲಿ ಅಂತ. ನಿಪ್ಪಾಣಿ ದಾಟಿತು, ಘಾಟ್ ಬಂತು, ಗೇರು ಇಳಿಸಿದೆ, ಒತ್ತಿದೆ. ಶುರುವಾಯಿತು ನೋಡಿ! ಟಣ್ ಟಣ್ ಟಣ್ ಟಣ್! ಒಂಬತ್ತು ಜನರ ಹಾಡು ಟಕ್ಕನೆ ನಿಂತಿತು.

ಬದಿಗೆ ನಿಲ್ಲಿಸಿದೆ. ಹ್ಯಾಂಡ್‌ಬ್ರೇಕ್ ಎಳೆದು, ಓಡಿಸುವವಳನ್ನು ಎಣಿಸದ ಶಾಸ್ತ್ರಕ್ಕೆ ಕೈ ಮುಗಿದು, ನಾನೊಬ್ಬಳೇ ಇಳಿದು ಗಾಲಿಗೆ ಕಲ್ಲು ಕೊಟ್ಟೆ. ಹಿಂದೆ ಬೈಕ್ ನಿಲ್ಲಿಸಿದ ತಮ್ಮ, "ನಾಕ ಮಂದಿ ಇಳದ ನಡೀರಲ್ಲ," ಎಂದ. "ನಾಲಿಗಿ ಬಿಗಿ ಹಿಡಿ!" ಎಂದು ಒಳಗಿನಿಂದ ದೊಡ್ಡತ್ತಿ ಗದರಿದರು.

ಬಾನೆಟ್ ಎತ್ತಿ, ನಟ್ಟು ಸಡಿಲಿಸಿ, ದೇವರ ಮೇಲೆ ಭಾರ ಹಾಕಿ ಡಬ್ಬಿಯನ್ನು ಒಂದು ಕಡೆ ತಿರುವಿದೆ. ನಿಂತಲ್ಲೇ ಇಂಜಿನ್ ಹುರುಪಿನಿಂದ ಜೋರಾಯಿತು. ಆಹಾ, ಶಕ್ತಿ ಬಂತು ಎಂದು ಕುಣಿದಾಡಿದೆ. ಕಲ್ಲು ಸರಿಸಿ, ಓಡಿ ಬಂದು ಕೂತು, ಗಾಡಿ ಬಿಟ್ಟೆ. ಇಪ್ಪತ್ತು ಹೆಜ್ಜೆಯೂ ಹೋಗಿಲ್ಲ, ಒಳಗೆ ಡಬ್ಬಿ ತುಂಬ ಮೊಳೆ ಹಾಕಿ ಅಲ್ಲಾಡಿಸಿದಂಥ ಸದ್ದು! ಬೇಗ ಹಾರುತ್ತಿದ್ದ ಕಿಡಿಯನ್ನು ಇನ್ನೂ ಬೇಗ ಮಾಡಿದ್ದೆ. ಮತ್ತೆ ನಿಲ್ಲಿಸಿ, ಕಲ್ಲು ಕೊಟ್ಟು, ಬಾನೆಟ್ ಎತ್ತಿದೆ. ಒಂಬತ್ತು ಮುತ್ತೈದೆಯರು ಒಮ್ಮೆಗೇ ಸಲಹೆ ಕೊಡತೊಡಗಿದರು. ಸೋತೆ ಅನ್ನಿಸಿತು. ಅಪ್ಪನ ಜೀಪು ನನ್ನ ಕೈಯಿಂದಲೇ ಹೋಯಿತಲ್ಲ! ಸಿಟ್ಟಿಗೆ ಪಾನಾ ನೆಲಕ್ಕೆ ಎಸೆದೆ.

ಅದನ್ನು ಎತ್ತಿಕೊಂಡದ್ದು ತಮ್ಮ. ಹೆಲ್ಮೆಟ್ ತೆಗೆದಿಟ್ಟು, ನನ್ನನ್ನು ಸರಿಸಿ, ಇಂಜಿನ್ನಿನ ಮೇಲೆ ಬಗ್ಗಿದ.

"ಜೋರಾತಂದ್ರ ಛಲೋ ಆತಂತ ಅಲ್ಲಕ್ಕಾ. ಈಗ ಸಪ್ಪಳ ಇಳೀಬೇಕು."

ಎದುರು ಕಡೆ ತಿರುವಿದ. ಇಂಜಿನ್ನಿನ ದನಿ ತಗ್ಗಿತು. ಅವನು ಕಣ್ಣು ಮುಚ್ಚಿದ. ಇನ್ನೊಂದು ಕೂದಲಿನಷ್ಟು ತಿರುವಿ, ಅರ್ಧ ಕೂದಲಿನಷ್ಟು ಹಿಂದೆ ತಂದು, ನಟ್ಟು ಬಿಗಿದ. ಇದನ್ನೆಲ್ಲ ಅಪ್ಪನ ಪಕ್ಕ ನಿಂತು ಕಲಿತಿದ್ದನಂತೆ. ಒಂದು ದಿನವೂ ಬಾಯಿ ಬಿಟ್ಟು ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ.

ಗಾಡಿ ನಿಧಾನವಾಗಿ, ತಿಣುಕುತ್ತ, ಸೆಕೆಂಡ್ ಗೇರಿನಲ್ಲಿ ಘಾಟ್ ಏರಿತು. ಲಾರಿಗಳು ನಮ್ಮನ್ನು ದಾಟಿ ಹೋದವು. ದೊಡ್ಡಮ್ಮ ಲಾರಿಯವರಿಗೆಲ್ಲ ಕೈ ಬೀಸಿದರು. ಕಬ್ಬಿಣದ ಸದ್ದು ಮಾತ್ರ ಇರಲಿಲ್ಲ. ಸೋಬಾನೆ ಮತ್ತೆ ಶುರುವಾಯಿತು, ಮೊದಲಿಗಿಂತ ಎರಡು ಪಟ್ಟು ಜೋರಾಗಿ.

ಮೇಲೆ ಹೋಗಿ ನಿಲ್ಲಿಸಿದಾಗ ತಮ್ಮ ಬೈಕನ್ನು ನನ್ನ ಪಕ್ಕಕ್ಕೆ ತಂದ. ನಾನು ನ್ಯಾಯವಾಗಿಯೇ ಹೇಳಿದೆ, "ಸಪ್ಪಳ ಬಂತ ತಮ್ಮಾ. ಮಾತಂದ್ರ ಮಾತ. ಗುಜರಿಯವಗ ಫೋನ್ ಹಚ್ಚು."

"ಯಾವ ಸಪ್ಪಳ? ನಾ ಹೆಲ್ಮೆಟ್ ಹಾಕ್ಕೊಂಡಿದ್ದೆ. ಏನೂ ಕೇಳಸಲಿಲ್ಲ."

"ನಮಗೂ ಕೇಳಸಲಿಲ್ಲ!" ಎಂದರು ಒಂಬತ್ತೂ ಜನ, ಬುತ್ತಿ ತೊಡೆಯ ಮೇಲಿಟ್ಟುಕೊಂಡು, ನಾಚಿಕೆಯಿಲ್ಲದೆ.

ನಗು ಮುಗಿದ ಮೇಲೆ ತಮ್ಮ ಬಾನೆಟ್ಟಿನ ಮೇಲೆ ಕೈ ಇಟ್ಟ. "ಅಪ್ಪ ಕಡೀಕ ದವಾಖಾನ್ಯಾಗ ಉಸರ ಎಳಿಯೂ ಮುಂದ ಎದಿಯೊಳಗಿಂದ ಸಪ್ಪಳ ಬರತಿತ್ತಲ್ಲಕ್ಕಾ. ಇದು ಬಡಕೊಂಡಾಗೊಮ್ಮೆ ಅದ ನೆನಪಾಗತಿತ್ತು. ಬಾನೆಟ್ ಎತ್ತಾಕೂ ಮನಸ ಬರಲಿಲ್ಲ, ಅದಕ ಕೊಟ್ಟ ಬಿಡೂಣಂದೆ."

ನಾನು ಇಳಿದು, ಜೀಪಿನ ಚಾವಿ ಅವನ ಕೈಗಿಟ್ಟು, ಬೈಕಿನ ಚಾವಿ, ಹೆಲ್ಮೆಟ್ ಎರಡನ್ನೂ ಕಸಿದುಕೊಂಡೆ. "ಸೀರಿ ಉಟ್ಟ ಬೈಕೇನ!" ಎಂದು ದೊಡ್ಡತ್ತಿ ಚೀರಿದರು. ಸೆರಗು ಸೊಂಟಕ್ಕೆ ಬಿಗಿದು ಕಿಕ್ ಹೊಡೆದೆ, ಬೈಕ್ ಚಾಲೂ ಆಯಿತು. ತಮ್ಮ ಮುಂದೆ, ನಾನು ಹಿಂದೆ. ಹೆಲ್ಮೆಟ್ಟಿನ ಗಾಜು ಎತ್ತಿ, ತಂಗಿಯ ಊರು ಬರುವ ತನಕ ಕಿವಿ ಕೊಟ್ಟು ಕೇಳುತ್ತ ಹೋದೆ. ಅಪ್ಪ ಓಡಿಸುತ್ತಿದ್ದಾಗ ಬರುತ್ತಿದ್ದ ದನಿಯೇ ಅದು. ನಾನು ನಗುತ್ತಲೂ ಇದ್ದೆ, ಗೊಳೋ ಎಂದು ಅಳುತ್ತಲೂ ಇದ್ದೆ.