ಎದುರು ಮನೆಯವನ ಹಣ ತಡೆದದ್ದು

ಗ್ಲಾಸು ಮೊದಲು ನನ್ನ ಬಾಯಿಗೆ ಬಡಿಯಿತು, ಆಮೇಲೆ ನೆಲಕ್ಕೆ. ಅಥವಾ ಅವನು ಮೊದಲು ಮುಷ್ಟಿಯಿಂದ ಗುದ್ದಿದನೇನೋ. ನೆನಪು ಪ್ರತಿಸಲ ಬೇರೆ ಏಟಿನಿಂದ ಶುರುವಾಗುತ್ತದೆ. ಹಲ್ಲು ಮುರಿದದ್ದು ಮಾತ್ರ ಒಂದೇ ಸಲ.

ಭಾನುವಾರ ಬೆಳಗ್ಗೆ, ಮಲೇಶಿಯಾದ ಪುಚೊಂಗಿನ ನಮ್ಮ ಕಾಂಡೋ ಕಟ್ಟಡದ ಕೆಳಗಿನ ಮಾಮಕ್ ಚಹಾದಂಗಡಿ. ಹೊಡೆದವನು ಎದುರು ಮನೆಯ ಇರಾನಿ ವಿದ್ಯಾರ್ಥಿ. ನನ್ನ ಹೆಂಡತಿ ಕಳಿಸಿದ ನೀರುದೋಸೆ ತಿಂದು, ತಟ್ಟೆಯನ್ನು ಎಂದೂ ಬರಿದಾಗಿ ಹಿಂದಿರುಗಿಸದೆ ಖರ್ಜೂರ ತುಂಬಿ ಕೊಡುತ್ತಿದ್ದವನು. ಅವನ ಇಂಗ್ಲಿಷು ನನಗೀಗ ಕನ್ನಡದಲ್ಲೇ ಕೇಳಿಸುತ್ತದೆ, ಇಲ್ಲಿಯವರು ಮಾತಿನ ಕೊನೆಗೆ ಸೇರಿಸುವ 'ಲಾ' ಒಂದನ್ನು ಬಿಟ್ಟು.

"ಅಂಕಲ್, ನಿಮ್ಮ ಬ್ಯಾಂಕೇ ಅಲ್ವಾ ಲಾ? ನನ್ನ ದುಡ್ಡೆಲ್ಲಿ?"

"ಸಿಸ್ಟಮ್ ಲಾ. ನನಗೇನೂ ಗೊತ್ತಿಲ್ಲ."

"ಶುಕ್ರವಾರದೊಳಗೆ ಫೀಸು ಕಟ್ಟದಿದ್ರೆ ವೀಸಾ ಹೋಗತ್ತೆ. ಊರಿಗೆ ಹೋದ್ರೆ ಸೈನ್ಯಕ್ಕೆ ಎಳ್ಕೊಂಡು ಹೋಗ್ತಾರೆ. ನಿಜವಾಗ್ಲೂ ಗೊತ್ತಿಲ್ವಾ?"

"ಗೊತ್ತಿಲ್ಲ."

ಆಗ ಹೊಡೆದ.

ನನಗೆ ಗೊತ್ತಿತ್ತು. ತಡೆದವನೇ ನಾನು. ಭಯೋತ್ಪಾದನೆಗೆ ಬೆಂಬಲ ಕೊಡುತ್ತವೆಂದು ಅಮೆರಿಕ ಪಟ್ಟಿಮಾಡಿದ ಇರಾನಿನಂಥ ಸರ್ಕಾರಗಳ ಹಣ ಡಾಲರಿನಲ್ಲಿ ಬಂದರೆ ನಿಲ್ಲಿಸುವುದು ಬ್ಯಾಂಕಿನಲ್ಲಿ ನನ್ನ ಕೆಲಸ. ಕಾರಣವನ್ನು ಗ್ರಾಹಕನಿಗೆ ಹೇಳುವಂತಿಲ್ಲ. ದುಬೈ ಮೂಲಕ ಬಂದ ಅವನ ಹಣದ ಟಿಪ್ಪಣಿಯಲ್ಲಿ 'ಅಪ್ಪನ ಪಿಂಚಣಿ, ಸರ್ಕಾರಿ ನಿಧಿ' ಎಂದಿತ್ತು. ಅಪ್ಪ ನಿವೃತ್ತ ಶಾಲಾ ಮಾಸ್ತರು. ಅದೂ ನನಗೆ ಗೊತ್ತಿತ್ತು.

ಪರಿಚಯದವರ ಕಡತವನ್ನು ಪಕ್ಕದ ಮೇಜಿಗೆ ದಾಟಿಸಬೇಕೆಂಬ ನಿಯಮವಿದೆ. ದಾಟಿಸಿದರೆ 'ಇರಾನಿ ನಿನಗೆ ಹೇಗೆ ಪರಿಚಯ?' ಎಂದು ಮೇಲಿನವರು ಕೇಳುತ್ತಾರೆ. ಪಕ್ಕದ ಮೇಜಿನವಳು ಅವನಿಂದ ಕಾಗದಪತ್ರ ತರಿಸಿ ನೋಡಿ ಬಿಡುಗಡೆ ಮಾಡುತ್ತಿದ್ದಳೇನೋ. ನಾನು ತರಿಸಲಿಲ್ಲ, ದಾಟಿಸಲೂ ಇಲ್ಲ. ಪರಿಚಯದವನೆಂದೇ ಅವಸರದಲ್ಲಿ ತಡೆಯುವ ಗುಂಡಿ ಒತ್ತಿದೆ.

ಹಲ್ಲು ನೋಡಿದ, ಮಣಿಪಾಲದಿಂದ ಬಂದು ಇಲ್ಲೇ ನೆಲೆಸಿದ ಡಾಕ್ಟರು, "ಎಂತ ಆಯ್ತು ಮಾರಾಯ್ರೆ?" ಅಂದರು.

"ಮೆಟ್ಟಿಲಲ್ಲಿ ಬಿದ್ದೆ."

ಅವರು ಕೆನ್ನೆಯ ಗುರುತನ್ನು ಒತ್ತಿದರು. "ಮೆಟ್ಟಿಲು ಉಂಗುರ ಹಾಕಿಕೊಂಡಿತ್ತಾ?"

ಹಾಗಾದರೆ ಮುಷ್ಟಿಯೂ ಇತ್ತು.

ಪೊಲೀಸರಿಗೆ ದೂರು ಕೊಡಲಿಲ್ಲ. ಅದನ್ನು ಕರುಣೆಯೆಂದು ಬರೆಯಲು ಕೈ ಹೋಗುತ್ತದೆ. ದೂರು ಕೊಟ್ಟಿದ್ದರೆ ಬ್ಯಾಂಕು ಆ ಕಡತವನ್ನು ತೆರೆಯುತ್ತಿತ್ತು, ಅಷ್ಟೇ.

ಶುಕ್ರವಾರ ದಾಟಿತು. ಊರಿಗೆ ಹೊರಟ ಬೆಳಗ್ಗೆ ಅವನು ನಮ್ಮ ಬಾಗಿಲಿಗೆ ಒದೆಯತೊಡಗಿದ. ಕೆಳಗಿನ ಹಲಗೆ ಸೀಳಿ ಬೂಟಿನ ತುದಿ ಒಳಗೆ ಬಂತು.

"ರೀ, ಒಂದು ಮಾತು ಹೇಳಿ ಅವನಿಗೆ. ಯಾಕೆ ಅಂತ ಹೇಳಿ," ಅಂದಳು ಹೆಂಡತಿ.

ಚಿಲಕ ಹಿಡಿದುಕೊಂಡೇ ನಿಂತೆ. ಒದೆತ ನಿಂತಿತು. ಸೂಟ್‌ಕೇಸಿನ ಚಕ್ರಗಳ ಸದ್ದು ಲಿಫ್ಟಿನವರೆಗೆ ಹೋಯಿತು. ಬಾಗಿಲು ತೆರೆದರೆ ಹೊಸ್ತಿಲಾಚೆ ನಮ್ಮ ಸ್ಟೀಲಿನ ತಟ್ಟೆ, ಮೆಟ್ಟಿ ಬಗ್ಗಿಸಿದ್ದು. ಬರಿದು.