ಕಿಟಕಿ ಮೂಲೆಯ ವೇಸ್ಟ್ ಜಾಗ

ಗೋಡೌನ್ ಮಾವನ ಕಣ್ಣಿಗೆ ಖಾಲಿ ಜಾಗ ಬಿತ್ತೆಂದರೆ ಮುಗಿಯಿತು, ಅದನ್ನು ತುಂಬಿಸುವವರೆಗೆ ಆ ಮನುಷ್ಯನಿಗೆ ಸಮಾಧಾನವಿಲ್ಲ. ಬಸ್ಸು ಹತ್ತಿದರೂ ಸುಮ್ಮನಿರುವ ಜಾಯಮಾನವಲ್ಲ. ಸೀಟಿನ ಮೇಲಿನ ಕಂಬಿಯಲ್ಲಿದ್ದ ಕಂಡವರ ಚೀಲಗಳನ್ನೆಲ್ಲ ಎಳೆದು, ತಿರುಗಿಸಿ, ಒತ್ತಿ, "ನೋಡಿ, ಇನ್ನೂ ಎರಡು ಹಿಡಿಯುತ್ತೆ" ಎಂದು ಬೀಗುತ್ತಿದ್ದ. ಇಳಿಯುವಾಗ ತಮ್ಮ ಚೀಲ ಕೈಗೆ ಸಿಗದೆ ಅವರು ಹಿಡಿಶಾಪ ಹಾಕುತ್ತಿದ್ದುದು ಇವನ ಕಿವಿಗೆ ಬೀಳುತ್ತಲೇ ಇರಲಿಲ್ಲ. ಗೋದಾಮಿನಲ್ಲಿ ಪೆಟ್ಟಿಗೆ ಜೋಡಿಸುವವರ ಮೇಲ್ವಿಚಾರಕನಾಗಿ ತಲೆಕೂದಲು ಬೆಳ್ಳಗಾಗಿಸಿಕೊಂಡವನು. ಅಷ್ಟು ಸುಲಭಕ್ಕೆ ಚಾಳಿ ಬಿಟ್ಟೀತೇ?

ಗೋದಾಮಿನಲ್ಲಿ ಅವನಿಗೆ ಇನ್ನೊಂದು ಹಠವಿತ್ತು: ಹಳದಿ ಗೆರೆ. ಪೆಟ್ಟಿಗೆಗಳ ಸಾಲಿನ ನಡುವೆ ನೆಲಕ್ಕೆ ಹಳದಿ ಬಣ್ಣದ ಗೆರೆ ಹೊಡೆಸಿದ್ದ. ಗೆರೆಯೊಳಗೆ ಜನ ಓಡಾಡಬೇಕು, ಸಾಮಾನು ಇಡಕೂಡದು. ಯಾರಾದರೂ ಮೈಗಳ್ಳತನಕ್ಕೆ ಒಂದು ಡಬ್ಬ ಇಟ್ಟರೂ ಸಾಕು, "ಗೆರೆ ನೋಡ್ರೋ, ಗೆರೆ! ಅದು ಮನುಷ್ಯರ ಜಾಗ!" ಎಂದು ಚಾವಣಿ ಹಾರಿಹೋಗುವಂತೆ ಅರಚುತ್ತಿದ್ದ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಅವನಂತೂ ನಿವೃತ್ತಿಯಾದ ದಿನ ಗೇಟಿನಲ್ಲೇ ಮರೆತು ಬಂದ.

ಮನೆಗೆ ಬಂದವನ ಕಣ್ಣು ನೇರ ಹೋಗಿ ಬಿದ್ದದ್ದು ಅಡುಗೆಮನೆಯ ಮೇಲೆ. ಅದೋ, ಅಂಗೈಯಗಲದ್ದು. ಫ್ರಿಜ್ಜಿನ ಬಾಗಿಲು ತೆಗೆಯಬೇಕಾದರೆ ಒಲೆ ಮುಂದೆ ನಿಂತವರು ಹೊಟ್ಟೆ ಒಳಗೆಳೆದುಕೊಳ್ಳಬೇಕು. ಹೆಂಡತಿಗೆ ಅದು ಒಗ್ಗಿಹೋಗಿತ್ತು. ಅವಳು ಎಷ್ಟೋ ಕಾಲದಿಂದ ಕೇಳುತ್ತಿದ್ದುದು ಒಂದೇ, ಸೋರುವ ನಲ್ಲಿಯನ್ನು ಸರಿಮಾಡಿಸಿ ಎಂದು. ನಲ್ಲಿ ಸರಿಮಾಡಿಸಿದರೆ ಜಾಗವೇನೂ ಉಳಿಯುವುದಿಲ್ಲವಲ್ಲ, ಮಾವ ಅದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದ.

ಅಷ್ಟರಲ್ಲಿ ಹೆಂಡತಿಯ ಅಕ್ಕನಿಗೆ ಕಣ್ಣಿನ ಆಪರೇಷನ್ ಆಯಿತು. ಕೆಲವು ವಾರ ಜೊತೆಗಿರಲು ಇವಳು ಹೊರಟಳು. ಗಂಡನ ಕೈಯಲ್ಲಿ ಅಳತೆಯ ಟೇಪು ಕಂಡು ಬಾಗಿಲಲ್ಲೇ ನಿಂತಳು.

"ಏನ್ ಬೇಕಾದ್ರೂ ಮಾಡ್ಕೊಳ್ಳಿ. ಆ ಕಿಟಕಿ ಮೂಲೆ ಒಂದು ಮುಟ್ಬೇಡಿ."

"ಆಯ್ತು, ಆಯ್ತು, ನೀನು ಹೊರಡು ಮಾರಾಯ್ತಿ."

ಕಿಟಕಿ ಮೂಲೆಯೆಂದರೆ ಫ್ರಿಜ್ಜಿಗೂ ಗೋಡೆಗೂ ನಡುವೆ ಒಂದು ಸ್ಟೂಲು ಹಿಡಿಯುವಷ್ಟು ಸಂದು. ಮಧ್ಯಾಹ್ನದ ಪಾತ್ರೆ ತೊಳೆದಾದ ಮೇಲೆ ಅವಳು ಅಲ್ಲಿ ಕೂರುತ್ತಿದ್ದಳು. ಬೆನ್ನು ಗೋಡೆಗೆ, ಕಾಲು ಹಿಟ್ಟಿನ ಡಬ್ಬದ ಮೇಲೆ, ಕೈಯಲ್ಲಿ ಗಂಡ ಓದಿ ಮುದ್ದೆ ಮಾಡಿಟ್ಟ ಪೇಪರು. ಒಮ್ಮೊಮ್ಮೆ ಅದೂ ಇಲ್ಲ, ಕಿಟಕಿಯಾಚೆ ಎದುರುಮನೆಯವರ ಒಣಗುವ ಬಟ್ಟೆ ನೋಡುತ್ತಾ ಸುಮ್ಮನೆ ಕೂರುವುದು. ಆ ಹೊತ್ತಿನಲ್ಲಿ ಅವಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಆ ಮನೆಯಲ್ಲಿ ಅವಳದು ಎನ್ನಬಹುದಾದ ಜಾಗ ಅದೊಂದೇ.

ಬಡಗಿ ಬಂದ. ಎಲ್ಲದಕ್ಕೂ "ಮಾಡೋಣ ಸಾರ್" ಎನ್ನುವ ಪುಣ್ಯಾತ್ಮ; ಬಾವಿಗೆ ಬಾಗಿಲಿಡಬೇಕೆಂದರೂ "ಮಾಡೋಣ ಸಾರ್" ಎಂದಾನು. ಮಾವ ಕುಕ್ಕರನ್ನು ಅಳೆದ, ಕುಕ್ಕರಿನ ಮುಚ್ಚಳ ತೆಗೆದು ಇನ್ನೊಮ್ಮೆ ಅಳೆದ. ಉದ್ದದ ಸೌಟು, ಗಿಡ್ಡದ ಸೌಟು, ಲಟ್ಟಣಿಗೆ, ಜರಡಿ, ಯಾವುದನ್ನೂ ಬಿಡಲಿಲ್ಲ. ಕಪಾಟುಗಳು ಚಾವಣಿ ಮುಟ್ಟಿದವು. ಸಿಂಕಿನ ಅಡಿ ಎಳೆದರೆ ಬರುವ ಖಾನೆ, ಮೂಲೆಯಲ್ಲಿ ಗಿರಗಿರ ತಿರುಗುವ ಖಾನೆ, ಬಾಗಿಲಿನ ಬೆನ್ನಿಗೂ ಒಂದು ಖಾನೆ. ಕೊನೆಗೆ ಬಡಗಿ ಸ್ಟೂಲಿನ ಮುಂದೆ ನಿಂತ.

"ಇಲ್ಲೇನು ಸಾರ್?"

ಹೆಂಡತಿಯ ಮಾತು ನೆನಪಾಗಲಿಲ್ಲವೆಂದರೆ ಸುಳ್ಳಾದೀತು. ನೆನಪಾಯಿತು. ಆದರೆ ಕೆಲಸ ಮುಗಿದ ಮೇಲೆ ನೋಡಿದರೆ ಅವಳೇ ಕುಣಿದಾಡುತ್ತಾಳೆ ಎಂದುಕೊಂಡ.

"ಇದು ವೇಸ್ಟ್ ಜಾಗ. ಒಂದು ಉದ್ದನೆ ಬೀರು ಬರ್ಲಿ."

"ಮಾಡೋಣ ಸಾರ್."

ಸ್ಟೂಲು ಬಾಲ್ಕನಿಗೆ ಹೋಯಿತು. ಅದರ ಮೇಲಿನ ಜಾಗ ವ್ಯರ್ಥವಾಗಬಾರದೆಂದು ಮಾವ ಒಂದು ಹೂಕುಂಡ ಇಟ್ಟ. ಬೀರುವೇನೋ ಬಂತು, ಆದರೆ ಅದರಲ್ಲಿಡಲು ಸಾಮಾನೇ ಉಳಿದಿರಲಿಲ್ಲ. ಕೊನೆಗೆ ಅಟ್ಟದಿಂದ ಖಾಲಿ ಶೀಷೆಗಳನ್ನೂ ಯಾವ ಡಬ್ಬಕ್ಕೂ ಕೂರದ ಮುಚ್ಚಳಗಳನ್ನೂ ಇಳಿಸಿ ತುಂಬಿಸಿದ. ಈಗ ಸೂಜಿ ಮೊನೆಯಷ್ಟೂ ಜಾಗ ಖಾಲಿಯಿಲ್ಲ ಎಂದು ಎದೆಯುಬ್ಬಿಸಿ, ನೆರೆಮನೆಯಾಕೆಯನ್ನು ಕರೆದು ತೋರಿಸಿದ.

ಹೆಂಡತಿ ಬಂದಳು. ಚೀಲ ಕೆಳಗಿಡದೆ ಅಡುಗೆಮನೆಯನ್ನು ಒಂದು ಸುತ್ತು ನೋಡಿದಳು.

"ನನ್ನ ಸ್ಟೂಲು?"

"ಅಯ್ಯೋ, ಮೊದ್ಲು ಈ ತಿರುಗೋ ಖಾನೆ ನೋಡು!"

ಅವಳು ತಿರುಗಿಸಿ ನೋಡಿದಳು. "ಚೆನ್ನಾಗಿದೆ" ಎಂದಳು. ಜಗಳಕ್ಕೆ ಸೊಂಟ ಕಟ್ಟಿ ನಿಂತಿದ್ದ ಮಾವನಿಗೆ ಈ ಒಂದೇ ಮಾತು ಕೇಳಿ ಯಾಕೋ ಕಸಿವಿಸಿಯಾಯಿತು.

ಮರುದಿನದಿಂದ ಶುರುವಾಯಿತು ನೋಡಿ. ಮಾವ ತೆಂಗಿನ ಮರದಂಥವನು, ಹೆಂಡತಿ ಅವನ ಭುಜಕ್ಕೂ ಬಾರಳು. ಎಲ್ಲ ಅಳತೆ ಮಾಡಿದವನು ಅವಳ ಕೈ ಎಲ್ಲಿಯವರೆಗೆ ಎಟಕುತ್ತದೆ ಎಂದು ಅಳೆದಿರಲಿಲ್ಲ.

"ರೀ, ಸಕ್ಕರೆ ಇಳಿಸಿ."

"ರೀ, ದೊಡ್ಡ ಪಾತ್ರೆ."

"ರೀ, ಸಕ್ಕರೆ ಮೇಲಿಡಿ."

ಟಿವಿ ಮುಂದೆ ಕೂತವನು ಏಳುವುದು, ಕೂರುವುದು, ಏಳುವುದು. ಮೊಣಕಾಲು ಗೋಳೋ ಎನ್ನತೊಡಗಿತು. ಅದನ್ನಾದರೂ ತಡೆದುಕೊಂಡಾನು. ತಡೆಯಲಾಗದ್ದು ಮಧ್ಯಾಹ್ನ. ಪಾತ್ರೆ ತೊಳೆದಾದ ಮೇಲೆ ಹೆಂಡತಿ ಮನೆಯಲ್ಲಿ ಇರುತ್ತಲೇ ಇರಲಿಲ್ಲ. ಎಲ್ಲಿಗೆ ಹೋಗುತ್ತಾಳೆಂದು ಮೊದಮೊದಲು ತಲೆ ಕೆಡಿಸಿಕೊಳ್ಳಲಿಲ್ಲ. ಒಂದು ದಿನ ನೆರೆಮನೆಯಾಕೆ ಬಾಗಿಲಲ್ಲಿ ತಲೆ ಹಾಕಿ ಕೇಳಿದಳು:

"ಏನ್ ಮಾವ, ಅತ್ತೇನ ಮನೆಯಿಂದ ಆಚೆ ಹಾಕಿದ್ದೀರಾ?"

ಮಾವ ಚಪ್ಪಲಿಯನ್ನೂ ಮೆಟ್ಟದೆ ಓಡಿದ. ಹೆಂಡತಿ ಕಟ್ಟಡದ ಮೆಟ್ಟಿಲ ಮೇಲೆ ಕೂತು ಪೇಪರು ಓದುತ್ತಿದ್ದಳು. ಹತ್ತಿಳಿಯುವವರಿಗೆ ದಾರಿ ಬಿಡಲು ಪ್ರತಿ ಸಲ ಸೀರೆ ಸೆಳೆದುಕೊಂಡು ಗೋಡೆಗೆ ಒತ್ತಿಕೊಳ್ಳುತ್ತಿದ್ದಳು.

"ಮಾನ ಹೋಗುತ್ತೆ, ಏಳು! ಮನೇಲಿ ಕೂರೋಕೆ ಜಾಗ ಇಲ್ವಾ?"

"ಎಲ್ಲಿದೆ, ಹೇಳಿ?"

"ಹಾಲ್ ಇದೆ, ರೂಮಿದೆ..."

"ಹಾಲ್‌ನಲ್ಲಿ ನಿಮ್ಮ ಟಿವಿ. ರೂಮಲ್ಲಿ ನಿಮ್ಮ ನಿದ್ದೆ, ಗೊರಕೆ. ನನಗಿದ್ದದ್ದು ಆ ಮೂಲೆ. ಅದರಲ್ಲಿ ಮುಚ್ಚಳ ತುಂಬಿದ್ದೀರಿ."

ಅವಳು ಅಳಲಿಲ್ಲ, ದನಿ ಏರಿಸಲಿಲ್ಲ, ಪೇಪರು ಮಡಚಲೂ ಇಲ್ಲ. ಮೇಲಿಂದ ಯಾರೋ ಇಳಿದು ಬಂದರು, ಅವಳು ಗೋಡೆಗೆ ಒತ್ತಿಕೊಂಡಳು. ಮಾವನೂ ಒತ್ತಿಕೊಳ್ಳಬೇಕಾಯಿತು. ಜೀವಮಾನವಿಡೀ ಮನುಷ್ಯರ ಜಾಗ, ಮನುಷ್ಯರ ಜಾಗ ಎಂದು ಗಂಟಲು ಹರಿದುಕೊಂಡವನು ತಾನು; ತನ್ನ ಮನೆಯ ಮನುಷ್ಯಳು ಮೆಟ್ಟಿಲ ಮೇಲಿದ್ದಾಳೆ. ಅವನಿಗೆ ನಿಜಕ್ಕೂ ನಾಚಿಕೆಯಾಯಿತು.

ಮರುದಿನ ಬಡಗಿಗೆ ಕರೆ ಹೋಯಿತು. "ಆ ಬೀರು ಕಿತ್ತುಬಿಡಪ್ಪ. ಖಾನೆಗಳನ್ನೂ ಕೆಳಗಿಳಿಸು."

"ಮಾಡೋಣ ಸಾರ್" ಎಂದ ಬಡಗಿ, ಹಾಕಿದಾಗಿನಷ್ಟೇ ಉತ್ಸಾಹದಿಂದ. ಸೋರುವ ನಲ್ಲಿಗೂ ಕೊನೆಗೊಮ್ಮೆ ಮುಕ್ತಿ ಸಿಕ್ಕಿತು. ಮಾವ ಬಾಲ್ಕನಿಯಿಂದ ಸ್ಟೂಲು ತಂದು, ಮಣ್ಣಿನ ಕಲೆ ಉಜ್ಜಿ, ಮೂಲೆಯಲ್ಲಿಟ್ಟ. ಆಮೇಲೆ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, ಸ್ಟೂಲಿನ ಸುತ್ತ ಒಂದು ಹಳದಿ ಗೆರೆ ಎಳೆದ. ಅದು ಒಂದು ಕಡೆ ಸೊಟ್ಟಗಾಯಿತು.

ಹೆಂಡತಿ ನೋಡಿದಳು. ಕೂತಳು, ಕಾಲನ್ನು ಹಿಟ್ಟಿನ ಡಬ್ಬದ ಮೇಲಿಟ್ಟಳು.

ಮನುಷ್ಯ ಅಷ್ಟಕ್ಕೇ ಬದಲಾದ ಎಂದುಕೊಳ್ಳಬೇಡಿ. ವಾರ ಕಳೆಯುವಷ್ಟರಲ್ಲಿ ಬಂದವರನ್ನೆಲ್ಲ ಅಡುಗೆಮನೆಗೆ ಕರೆದೊಯ್ದು, "ಎಲ್ಲರೂ ತುಂಬ್ತಾರೆ ಸ್ವಾಮಿ, ಖಾಲಿ ಬಿಡೋಕೆ ತಲೆ ಬೇಕು. ಇದು ನಂದೇ ಪ್ಲಾನು" ಎನ್ನುತ್ತಿದ್ದ. ಹೆಂಡತಿ ಅದನ್ನೂ ಹೊಟ್ಟೆಗೆ ಹಾಕಿಕೊಂಡಳು.

ಒಂದು ಮಧ್ಯಾಹ್ನ ಟಿವಿ ಬೇಸರವಾಗಿ, ತಾನೇ ಚಹಾ ಮಾಡಿಕೊಂಡು, ಮಾತಿಗೆ ಯಾರಾದರೂ ಸಿಕ್ಕರೆ ಸಾಕೆನಿಸಿ ಮಾವ ಮೂಲೆಯ ಕಡೆ ಬಂದ. ಕಿಟಕಿಯ ಹತ್ತಿರ ಗೋಡೆಗೊರಗಿ ನಿಲ್ಲಲು ಜಾಗವಿದೆಯಲ್ಲ ಎಂದು ಕಣ್ಣಲ್ಲೇ ಅಳೆದು, ಒಂದು ಕಾಲು ಮುಂದಿಟ್ಟ.

ಹೆಂಡತಿ ಪೇಪರಿನಿಂದ ತಲೆ ಎತ್ತಲಿಲ್ಲ.

"ರೀ, ಗೆರೆ."

ಮಾವ ಕಾಲು ಹಿಂದೆ ತೆಗೆದುಕೊಂಡು, ಗೆರೆಯಾಚೆ ನಿಂತುಕೊಂಡೇ ಚಹಾ ಕುಡಿದ.