ಹಿಂದಿನ ಸೀಟಿನ ಪೆಟ್ಟಿಗೆ

ಬೀದಿಯವರು ಬೆನ್ನ ಹಿಂದೆ ಅವನನ್ನು ದ್ವಾರಪಾಲಕ ಎನ್ನುತ್ತಿದ್ದರು, ಎದುರಿಗೆ ಸಿಕ್ಕರೆ ಸಾರ್. ನೀರು ಸರಬರಾಜು ಕಚೇರಿಯಲ್ಲಿ ಮೇಲ್ವಿಚಾರಕನಾಗಿ ನಿವೃತ್ತನಾದ ಮೇಲೆ ಮೇಲ್ವಿಚಾರಣೆ ಮಾಡಲು ಅವನಿಗೆ ಉಳಿದದ್ದು ಒಬ್ಬ ಹೆಂಡತಿ ಮತ್ತು ಒಂದು ಬೂದು ಬಣ್ಣದ ಕಾರು. ಹೆಂಡತಿ ಹೇಳಿದ ಮಾತು ಕೇಳುವವಳಲ್ಲ ಎಂಬುದು ಖಾತ್ರಿಯಾದ ಮೇಲೆ ಪೂರ್ತಿಯಾಗಿ ಕಾರಿನ ಕಡೆ ತಿರುಗಿಬಿಟ್ಟ.

ಕಾರಿನ ಸ್ಟೇರಿಂಗಿಗೆ ಅಡ್ಡಲಾಗಿ ಹಳದಿ ಕಬ್ಬಿಣದ ಸರಳು, ಗೇರಿಗೆ ಒಂದು ಬೀಗ, ಮುಂದಿನ ಚಕ್ರಕ್ಕೆ ಆನೆಕಾಲಿಗೆ ಹಾಕುವಂಥ ಕೊಳ. ಮೇಲೆ ಹೊದಿಕೆ ಮಾತ್ರ ಹಾಕುತ್ತಿರಲಿಲ್ಲ. ಬೀಗಗಳು ಕಳ್ಳನ ಕಣ್ಣಿಗೆ ಬೀಳಬೇಕು, ನೋಡಿಯೇ ಅವನ ಎದೆ ಒಡೆಯಬೇಕು ಎಂಬುದು ಅವನ ಸಿದ್ಧಾಂತ. ಅಲಾರಂ ಅಂತೂ ಎಲೆ ಉದುರಿದರೂ ಬೊಬ್ಬೆ ಹಾಕುತ್ತಿತ್ತು. ಇಷ್ಟನ್ನೂ ಬಿಚ್ಚಿ ಹೊರಡುವ ಹೊತ್ತಿಗೆ ಹೋಗಬೇಕಾದ ಅಂಗಡಿ ಬಾಗಿಲು ಹಾಕಿರುತ್ತಿದ್ದುದರಿಂದ ಕಾರು ಹೆಚ್ಚಾಗಿ ನಿಂತಲ್ಲೇ ನಿಂತಿರುತ್ತಿತ್ತು.

ಭಾನುವಾರ ಯಾರಾದರೂ ಕಾರು ತೊಳೆಯುವುದು ಕಂಡರೆ ಸಾಕು, ಹೋಗಿ ನಿಲ್ಲುತ್ತಿದ್ದ.

"ಒಳಗಡೆ ಏನೂ ಕಾಣಬಾರದು ಸಾರ್. ಖಾಲಿ ಚೀಲ ಕಂಡ್ರೂ ಕಳ್ಳನಿಗೆ ಅದು ತುಂಬಿದ ಚೀಲಾನೇ. ಕತ್ತಲಲ್ಲಿ ನಿಲ್ಲಿಸಬೇಡಿ, ದೀಪದ ಕೆಳಗೆ ನಿಲ್ಲಿಸಿ. ಕಿಟಕಿ ಒಂದು ಬೆರಳಷ್ಟೂ ಇಳಿಸಬೇಡಿ."

ಹೇಳುತ್ತಿದ್ದುದೆಲ್ಲ ಸರಿಯೇ. ಸರಿಯಾದ ಮಾತನ್ನು ಕೇಳಿದವರಿಗೆ ತಪ್ಪು ಮಾಡೋಣ ಅನ್ನಿಸುವಂತೆ ಹೇಳುವ ಶಕ್ತಿ ಅವನಿಗಿತ್ತು, ಅಷ್ಟೆ.

ಹೆಂಡತಿ ಕಟ್ಟುಹಲ್ಲು ಮಾಡುವವಳು. ದಂತವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ಕೊಟ್ಟರೆ ಅದಕ್ಕೆ ಪ್ಲಾಸ್ಟರ್ ಹೊಯ್ದು, ಗುಲಾಬಿ ಮೇಣದಲ್ಲಿ ಒಸಡು ಎಬ್ಬಿಸಿ, ಒಂದೊಂದೇ ಹಲ್ಲು ಕೂರಿಸಿ, ಬೇಯಿಸಿ, ಉಜ್ಜಿ ಹೊಳಪು ಕೊಡುತ್ತಿದ್ದಳು. ಅರ್ಧ ಆಯುಷ್ಯ ಇನ್ನೊಬ್ಬನ ಪ್ರಯೋಗಾಲಯದಲ್ಲಿ ದುಡಿದು, ತನ್ನ ಕೆಲಸ ಅವನ ಚೀಟಿ ಅಂಟಿಸಿಕೊಂಡು ಹೋಗುವುದನ್ನು ನೋಡಿದ್ದಳು. ಆ ಪುಣ್ಯಾತ್ಮ ಅಂಗಡಿ ಮುಚ್ಚಿದ ಮೇಲೆ ಮನೆಯ ಹಿಂದಿನ ಕೋಣೆಯಲ್ಲೇ ಮೇಜು ಹಾಕಿಕೊಂಡಳು. ಹೊಸದಾಗಿ ಚಿಕಿತ್ಸಾಲಯ ತೆರೆದಿದ್ದ ದಂತವೈದ್ಯೆಯೊಬ್ಬಳು ಪರೀಕ್ಷೆಗೆಂದು ನಾಲ್ಕು ಜನರ ಕೆಲಸ ಕೊಟ್ಟಿದ್ದಳು. ಸೋಮವಾರ ಬೆಳಿಗ್ಗೆ ಸೆಟ್ಟುಗಳು ಬಂದು, ಬಾಯಿಗೆ ಸರಿಯಾಗಿ ಕೂತರೆ, ಅಲ್ಲಿಯ ಕೆಲಸವೆಲ್ಲ ಇವಳಿಗೆ. ಚೀಟಿಯ ಮೇಲೆ ಇವಳದೇ ಹೆಸರು.

ಶುಕ್ರವಾರ ಕೆಲಸ ಮುಗಿಯಿತು. ನಾಲ್ಕೂ ಸೆಟ್ಟುಗಳನ್ನು ಅಚ್ಚುಗಳ ಸಮೇತ ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟಳು.

ಶನಿವಾರ ಇಬ್ಬರೂ ಅವನ ಅಣ್ಣನ ಊರಿಗೆ ಹೊರಟರು, ಬಸ್ಸಿನಲ್ಲಿ. ಅಣ್ಣನ ಬೀದಿಯಲ್ಲಿ ಕಾರು ನಿಲ್ಲಿಸಿದರೆ ಯಾರಾದರೂ ಕದ್ದಾರು ಎಂಬ ಭಯ. ಕಾರಿದ್ದವರು ಕಾರಿನ ಕ್ಷೇಮಕ್ಕಾಗಿ ಬಸ್ಸಿನಲ್ಲಿ ನಿಂತು ಹೋಗುವುದನ್ನು ಅವಳು ಟೀಕಿಸುವುದು ಬಿಟ್ಟು ಬಹಳ ಕಾಲವಾಗಿತ್ತು. ಆ ಸುಮ್ಮನಿರುವಿಕೆಯನ್ನು ತಾಳ್ಮೆಯೆಂದುಕೊಂಡಿದ್ದಳು. ಸೋಮಾರಿತನ ಎಂದಿದ್ದರೆ ಹೆಚ್ಚು ಸರಿಯಾಗುತ್ತಿತ್ತು.

ಊರು ದಾಟಿದ ಮೇಲೆ ಅವನು ಬಗ್ಗಿ ಅವಳ ಕಿವಿಯಲ್ಲಿ, "ನಿನ್ನ ಪೆಟ್ಟಿಗೆ ಚಿಂತೆ ಬಿಡು. ಭದ್ರ ಮಾಡಿದೀನಿ" ಎಂದ.

"ಮೇಜಿನ ಮೇಲಿತ್ತಲ್ರೀ?"

"ಮನೆ ಬಾಗಿಲಿಗೆ ಇರೋದು ಒಂದೇ ಬೀಗ ಕಣೇ. ಕಾರಿಗೆ ಎಷ್ಟಿದೆ ನೋಡು! ಕಾರಲ್ಲಿಟ್ಟಿದೀನಿ."

"ಡಿಕ್ಕಿಯಲ್ಲಿ ತಾನೇ?"

"ಡಿಕ್ಕಿಯಲ್ಲಿ ಜಾಗ ಎಲ್ಲಿದೆ? ಸರಪಳಿ, ಹಳೇ ಬೀಗ ಎಲ್ಲ ಅಲ್ಲೇ ಇದೆ. ಹಿಂದಿನ ಸೀಟಲ್ಲಿ. ಮೇಲೆ ಕಂಬಳಿ ಹೊದಿಸಿದೀನಿ, ಯಾರಿಗೂ ಗೊತ್ತಾಗಲ್ಲ."

"ಬೀದಿಗೆಲ್ಲ ಖಾಲಿ ಚೀಲದ ಉಪದೇಶ ಮಾಡಿ, ಕಂಬಳಿ ಹೊದಿಸಿದೀರಾ? ಇಳೀರಿ. ವಾಪಸ್ ಹೋಗೋಣ."

"ಹುಚ್ಚೇನೇ ನಿನಗೆ? ಅಣ್ಣ ಕಾಯ್ತಿರ್ತಾನೆ. ನಿನ್ನ ಹಲ್ಲು ಯಾರಿಗೆ ಬೇಕು?"

ಅವಳು ಇಳಿಯಬಹುದಿತ್ತು. ಇಳಿಯಲಿಲ್ಲ. ಬಸ್ಸಿನ ತುಂಬ ಜನ ನೋಡುತ್ತಿದ್ದರು, ಗಂಡನ ಜತೆ ಬೀದಿಜಗಳ ಬೇಡವೆನಿಸಿತು. ಮರ್ಯಾದೆಯನ್ನು ಅವಳೂ ತಪ್ಪು ಜಾಗದಲ್ಲೇ ಇಟ್ಟಿದ್ದಳು.

ಭಾನುವಾರ ಮಧ್ಯಾಹ್ನ ಮರಳಿದಾಗ ದೀಪದ ಕಂಬದ ಕೆಳಗೆ ಕಾರು ನಿಂತಿತ್ತು. ಸರಳು, ಬೀಗ, ಕೊಳ ಎಲ್ಲವೂ ಇದ್ದಲ್ಲೇ ಇದ್ದವು. ಹಿಂದಿನ ಕಿಟಕಿಯ ಗಾಜು ಮಾತ್ರ ಕಲ್ಲುಸಕ್ಕರೆಯಂತೆ ನೆಲದ ಮೇಲೆ ಹರಡಿತ್ತು. ಕಂಬಳಿ ಇತ್ತು, ಪೆಟ್ಟಿಗೆ ಇರಲಿಲ್ಲ.

ಅವನು ಮೊದಲು ಚಕ್ರ ನೋಡಿದ, ಆಮೇಲೆ ಸ್ಟೇರಿಂಗ್ ನೋಡಿದ. "ಸದ್ಯ, ಕಾರಿಗೆ ಕೈ ಹಚ್ಚೋಕೆ ಆಗಿಲ್ಲ ಬೋಳೀಮಗನಿಗೆ" ಎಂದ. ದನಿಯಲ್ಲಿ ಗೆದ್ದವನ ಠೀವಿಯಿತ್ತು.

"ಅಲಾರಂ ಯಾಕೆ ಹೊಡಕೊಳ್ಳಲಿಲ್ಲ?" ಎಂದು ಅವಳು ಕೇಳಿದಳು.

"ಹೊಡಕೊಂಡಿರುತ್ತೆ. ಈ ಜನ ಹೊರಗೆ ಬಂದಿರಲ್ಲ."

ಎದುರುಮನೆಯ ಮುದುಕಿ ಗೇಟಿನಿಂದಲೇ ಕೂಗಿದಳು: "ಇಲ್ಲಪ್ಪಾ, ಒಂದು ಸದ್ದೂ ಇರಲಿಲ್ಲ. ಕಾರು ಹಾಳಾಯ್ತೇನೋ ಅಂತ ನಿನ್ನೆ ರಾತ್ರಿ ಹಾಯಾಗಿ ನಿದ್ದೆ ಮಾಡಿದ್ವಿ."

ಅವನ ಮುಖ ಸಣ್ಣದಾಯಿತು. ಬಾನೆಟ್ಟಿನ ಮೇಲೆ ಕೈಯಿಟ್ಟು, "ಬ್ಯಾಟರಿ ವಯರ್ ಬಿಚ್ಚಿಟ್ಟಿದ್ದೆ. ಯಾರೂ ಸ್ಟಾರ್ಟ್ ಮಾಡಬಾರದು ಅಂತ" ಎಂದ.

ಅಲಾರಮ್ಮಿಗೂ ಅನ್ನ ಹಾಕುವುದು ಅದೇ ಬ್ಯಾಟರಿ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಮುದುಕಿ ನಕ್ಕು ಒಳಗೆ ಹೋದಳು.

ಪೆಟ್ಟಿಗೆ ಬೀದಿಯ ಕೊನೆಯ ಚರಂಡಿಯಲ್ಲಿ ಸಿಕ್ಕಿತು. ಇಷ್ಟು ಬೀಗದ ಹಿಂದೆ ಏನೋ ಘನವಾದದ್ದೇ ಇರಬೇಕೆಂದು ನಂಬಿದ ಕಳ್ಳ ಅಲ್ಲಿ ಮುಚ್ಚಳ ತೆಗೆದು, ತನ್ನನ್ನು ನೋಡಿ ಹಲ್ಲು ಕಿರಿಯುತ್ತಿದ್ದ ನಾಲ್ಕು ಬಾಯಿಗಳನ್ನು ಕಂಡು ಎಸೆದು ಹೋಗಿದ್ದ. ಪ್ಲಾಸ್ಟರ್ ಅಚ್ಚುಗಳು ಪುಡಿಪುಡಿಯಾಗಿ ಕೆಸರಿಗೆ ಸೇರಿದ್ದವು. ಮೂರು ಸೆಟ್ಟು ನೆಟ್ಟಗಿದ್ದವು, ಒಂದು ಒಡೆದಿತ್ತು. ಅವಳು ಸೆರಗು ಸಿಕ್ಕಿಸಿ ಚರಂಡಿಗೆ ಕೈ ಹಾಕಿ ಎಲ್ಲವನ್ನೂ ಎತ್ತಿದಳು.

"ಚೆನ್ನಾಗೇ ಇದಾವಲ್ಲ. ಬಿಸಿನೀರಲ್ಲಿ ತೊಳೆದು ಕೊಟ್ಟುಬಿಡು. ಯಾರಿಗೆ ಗೊತ್ತಾಗುತ್ತೆ?" ಎಂದ ಅವನು.

ಅವಳು ಒಂದು ಕೆಳದವಡೆಯನ್ನು ಅವನ ಮುಂದೆ ಹಿಡಿದಳು. "ಬಾಯಿ ತೆಗೀರಿ. ಮೊದಲು ನೀವು ಹಾಕ್ಕೊಳ್ಳಿ."

ಅವನು ಬಾಯಿ ಮುಚ್ಚಿದ. ಮದುವೆಯಾದ ಮೇಲೆ ಅದೇ ಮೊದಲು.

ಸೋಮವಾರ ಬೆಳಿಗ್ಗೆ ಅವಳು ಚಿಕಿತ್ಸಾಲಯದ ಮೇಜಿನ ಮೇಲೆ ಒಡೆದ ಸೆಟ್ಟನ್ನೂ ನೆಟ್ಟಗಿದ್ದವನ್ನೂ ಸಾಲಾಗಿ ಇಟ್ಟು, ಚರಂಡಿಯವರೆಗಿನ ಕಥೆಯನ್ನು ಹೇಳಿದಳು. ಅಳಲಿಲ್ಲ, ಗಂಡನನ್ನು ವಹಿಸಿಕೊಳ್ಳಲೂ ಇಲ್ಲ. ವೈದ್ಯೆ ಒಂದೊಂದನ್ನೂ ದೀಪಕ್ಕೆ ಹಿಡಿದು ನೋಡಿದಳು.

"ಕೆಲಸ ಚೆನ್ನಾಗಿದೆ. ಆದ್ರೆ ಇದನ್ನ ಯಾರ ಬಾಯಿಗೂ ಇಡಲ್ಲ."

"ಇಡಬಾರದು. ಅದಕ್ಕೇ ಹೇಳಿದೆ."

"ಮೂರು ಜನ ಮತ್ತೆ ಅಚ್ಚು ಕೊಡೋಕೆ ಒಪ್ಪಲ್ಲ, ಬೇರೆಯವರ ಹತ್ತಿರ ಹೋಗ್ತಾರೆ. ಒಬ್ಬಜ್ಜಿ ಇದಾರೆ, ಅವರಿಗೆ ಮಾಡಿ. ನೋಡೋಣ." ವೈದ್ಯೆ ಕೈಯಲ್ಲಿದ್ದ ಸೆಟ್ಟನ್ನು ಕೆಳಗಿಟ್ಟು, "ಮನೆಗೆ ಮಾತ್ರ ತಗೊಂಡು ಹೋಗಬೇಡಿ. ಇಲ್ಲೇ ಹಿಂದಿನ ಕೋಣೆ ಖಾಲಿ ಇದೆ" ಎಂದಳು.

ಅವಳ ಮೇಜು, ಮೇಣ, ಉಜ್ಜುವ ಯಂತ್ರ ಎಲ್ಲವೂ ಆ ವಾರವೇ ಮನೆ ಬಿಟ್ಟವು. ಅವನು ಬಾಗಿಲಲ್ಲಿ ನಿಂತು, "ಆ ಕೋಣೆಗೆ ಎಂಥ ಬೀಗ ಹಾಕಿದಾರೆ? ನಾನೊಂದು ಸಲ ಬಂದು ನೋಡ್ತೀನಿ" ಎಂದ.

"ಎಲ್ಲಿದೆ ಅಂತ ಗೊತ್ತಾದ್ರೆ ತಾನೇ ಬರೋದು" ಎಂದು ಅವಳು ಚಪ್ಪಲಿ ಮೆಟ್ಟಿದಳು.

ಅಜ್ಜಿಯ ಸೆಟ್ಟು ಸರಿಯಾಗಿ ಕೂತಿತು.